ಕೌದಿಯ ಕಥೆ: ಅಂದು ಮತ್ತು ಇಂದು

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೇ ಬಂದು ಕೇಳಿದರು. "ಮೇಷ್ಟ್ರೇ, ತೆಂಗಿನ ಮೇಲೆ ಬರೆಯೋರು ನಾಲ್ಕು ಜನ ಇದ್ದಾರೆ. ಸಾಲ ವಸೂಲಿ ಮೇಲೆ ಇಬ್ಬರು ಬರೀತಿದ್ದಾರೆ. ನೀವು ಇತಿಹಾಸದ್ದು ಏನಾದ್ರೂ ಬರೀರಿ" ಅಂದರು. ಇತಿಹಾಸ ಅಂದ ಕೂಡಲೇ ನಮಗೆ ರಾಜರು, ಪಾಳೇಗಾರರು, ಶಾಸನಗಳು ನೆನಪಾಗುತ್ತವೆ. ಆದರೆ ಈ ಸಲ ನಾನು ಅಷ್ಟು ದೂರ ಹೋಗಲಿಲ್ಲ. ನಮ್ಮೆಲ್ಲರ ಮನೆಯ ಮೂಲೆಯಲ್ಲಿ ಮಡಿಸಿಟ್ಟಿದ್ದ, ಈಗ ಬಹುತೇಕ ಮನೆಗಳಲ್ಲಿ ಕಾಣದಂತಾಗಿರುವ ಕೌದಿಯನ್ನೇ ವಿಷಯವಾಗಿ ತೆಗೆದುಕೊಂಡಿದ್ದೇನೆ.

ಇದಕ್ಕೆ ಒಂದು ಕಾರಣವೂ ಉಂಟು. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಅಂಗಡಿಯವರೊಬ್ಬರು ನಮ್ಮ ಸಂಘದ ಹೆಣ್ಣುಮಕ್ಕಳ ಗುಂಪನ್ನು ಹುಡುಕಿಕೊಂಡು ಬಂದಿದ್ದರು. ಅವರಿಗೆ ಕೌದಿ ಬೇಕು. ಹೊಸ ಬಟ್ಟೆಯಿಂದ, ಮೆಷಿನ್ನಿನಲ್ಲಿ ಹೊಲಿದರೂ ಅಡ್ಡಿಯಿಲ್ಲ, ಆದರೆ ನೋಡಿದವರಿಗೆ ನೂರು ವರ್ಷದ ಹಳೇ ಕೌದಿ ಅನ್ನಿಸಬೇಕು. ಬ್ಲೀಚಿಂಗ್ ಪುಡಿ ಹಾಕಿ ಬಣ್ಣ ಇಳಿಸಿ, ಮರಳು ಕಾಗದದಿಂದ ಅಂಚು ಸವೆಸಿ ಕೊಡಿ ಎಂದರು. ಗುಂಪಿನಲ್ಲಿ ಎರಡು ಅಭಿಪ್ರಾಯ ಬಂತು. "ನಾವು ಬಿಟ್ರೆ ಇನ್ನೊಬ್ರು ಹೊಲೀತಾರೆ, ನಮ್ಮ ಸಾಲದ ಕಂತು ಕಟ್ಟೋರು ಯಾರು?" ಅಂತ ಕೆಲವರು. "ಹೊಸದನ್ನ ಹಳೇದು ಅಂತ ಮಾರಿ ನಾಳೆ ಗೊತ್ತಾದ್ರೆ ಯಾರ ಹೆಸರು ಕೆಡೋದು? ಸಂಘದ್ದಲ್ವಾ?" ಅಂತ ಇನ್ನು ಕೆಲವರು. ಆ ಮಾತು ಅಲ್ಲಿಗೇ ನಿಂತಿದೆ. ತೀರ್ಮಾನಕ್ಕೆ ಬರುವ ಮೊದಲು ಕೌದಿ ಎಂದರೇನು, ಅದು ಹಳೆಯದಾಗಿ ಕಾಣುವುದು ಯಾಕೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು ಎಂದು ನನ್ನ ಅನಿಸಿಕೆ.

ಹೆಸರು ಹಲವು, ವಸ್ತು ಒಂದೇ

ಹಳೇ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿ ಒಂದು ಮಾಡಿದ ಹೊದಿಕೆಯೇ ಕೌದಿ. ಧಾರವಾಡ, ಗದಗ, ಬೆಳಗಾವಿ ಸೀಮೆಯಲ್ಲಿ ಕೌದಿ ಇಲ್ಲದ ಮನೆಯೇ ಇರಲಿಲ್ಲ. ಅಲ್ಲಿ ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದು ಕೊಡುವುದುಂಟು. ತೆಲುಗು ಮಾತು ಬೆರೆತಿರುವ ಪಾವಗಡದ ಕಡೆ ಬೊಂತೆ ಅನ್ನುತ್ತಾರೆ. ನಮ್ಮಲ್ಲಿ ಕೌದಿ, ಕವುದಿ ಎರಡೂ ಬಳಕೆಯಲ್ಲಿವೆ. ಸಂಸ್ಕೃತದ ಕಂಥಾ, ನಮ್ಮ ಹಳಗನ್ನಡದ ಕಂಥೆ ಎಂದರೂ ತೇಪೆ ಹಾಕಿದ ಬಟ್ಟೆಯೇ. ಜೋಗಿ ಜಂಗಮರು ಅದನ್ನು ತೊಡುತ್ತಿದ್ದರು. ಬಂಗಾಳದ ಹೆಂಗಸರು ಹಳೇ ಸೀರೆಗಳಿಂದ ಹೊಲಿಯುವ ಹೊದಿಕೆಗೂ ಕಾಂಥಾ ಎಂದೇ ಹೆಸರು. ಅಂದರೆ ಹರಿದ ಬಟ್ಟೆಯನ್ನು ಬಿಸಾಡದೆ ಮತ್ತೆ ಕೂಡಿಸುವ ಬುದ್ಧಿ ಒಂದು ಊರಿನದಲ್ಲ, ಒಂದು ಜಾತಿಯದೂ ಅಲ್ಲ.

ನಮ್ಮದು ಮೊದಲಿಂದಲೂ ಕಂಬಳಿ ಸೀಮೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಮೈಸೂರು ಸೀಮೆಯಲ್ಲಿ ಸಂಚರಿಸುತ್ತಾ ಚಿಕ್ಕನಾಯಕನಹಳ್ಳಿಗೂ ಬಂದಿದ್ದ. ಅಲ್ಲಿನ ಸಂತೆಗೆ ಬರುವ ಸರಕುಗಳನ್ನು ಬರೆದಿಟ್ಟಿದ್ದಾನೆ: ಬಿಳಿ ಮತ್ತು ಬಣ್ಣದ ಒರಟು ಹತ್ತಿ ಬಟ್ಟೆ, ಕಂಬಳಿ, ಗೋಣಿತಟ್ಟು, ಅಡಿಕೆ, ತೆಂಗಿನಕಾಯಿ, ಬೆಲ್ಲ, ಹುಣಸೆಹಣ್ಣು, ರಾಗಿ. ಇನ್ನೂರು ವರ್ಷದ ಮೇಲಾದರೂ ಈ ಪಟ್ಟಿಯಲ್ಲಿ ನಮಗೆ ಗುರುತು ಸಿಗದ ಒಂದು ವಸ್ತುವೂ ಇಲ್ಲ. ಕುರುಬರು ಕುರಿ ಉಣ್ಣೆ ನೂತು, ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿ ಮಳೆಗೆ, ಚಳಿಗೆ, ಹೊಲದ ಕಾವಲಿಗೆ ಆಗುತ್ತಿತ್ತು. ಆದರೆ ಕಂಬಳಿ ಮೈಗೆ ಚುಚ್ಚುತ್ತದೆ. ಎಳೆ ಮಗುವಿಗೆ, ಬಾಣಂತಿಗೆ, ಮುದುಕರಿಗೆ ಮೆತ್ತಗಿನದೊಂದು ಬೇಕಿತ್ತು. ಕೆಳಗೆ ಕಂಬಳಿ, ಮೇಲೆ ಕೌದಿ, ಇದು ನಮ್ಮ ಕಡೆಯ ಹಾಸಿಗೆಯ ಕ್ರಮ.

ಕಂಬಳಿಯನ್ನು ದುಡ್ಡು ಕೊಟ್ಟು ತರಬೇಕು. ಕೌದಿ ಮನೆಯಲ್ಲೇ ಹುಟ್ಟುತ್ತಿತ್ತು. ಅದಕ್ಕೇ ಕಂಬಳಿಗೆ ಇತಿಹಾಸದ ಪುಸ್ತಕದಲ್ಲಿ, ಗೆಜೆಟಿಯರಿನಲ್ಲಿ ಜಾಗ ಸಿಕ್ಕಿತು, ಕೌದಿಗೆ ಸಿಗಲಿಲ್ಲ. ಸಂತೆಗೆ ಬಾರದ ವಸ್ತುವನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ. ಅದನ್ನು ಹೊಲಿದ ಕೈಯನ್ನೂ ಬರೆಯಲಿಲ್ಲ.

ಕೌದಿ ಹೊಲಿಯುವ ಕ್ರಮ

ನನ್ನ ಅಜ್ಜಿ ಕೌದಿ ಹೊಲಿಯುತ್ತಿದ್ದುದು ಸುಗ್ಗಿ ಮುಗಿದ ಮೇಲೆ. ರಾಗಿ ಕಣ ಆಗಿ, ಹುಲ್ಲು ಬಣವೆ ಒಟ್ಟಿ, ಕೈ ಸ್ವಲ್ಪ ಬಿಡುವಾದಾಗ ಹಜಾರದ ನೆಲ ಸಾರಿಸಿ ಒಣಗಿಸಿ ಅದರ ಮೇಲೆ ಸೀರೆ ಹಾಸುತ್ತಿದ್ದಳು. ಹದಿನೆಂಟು ಅಡಿ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಆರು ಅಡಿ ಉದ್ದ, ನಾಲ್ಕು ಅಡಿಗೆ ಸ್ವಲ್ಪ ಕಮ್ಮಿ ಅಗಲ, ಮೂರು ಪದರ. ಒಬ್ಬ ಮನುಷ್ಯನಿಗೆ ಅಳತೆ ಮಾಡಿದ ಹಾಗೆ. ಅಂಚಿಗೆ ಗಟ್ಟಿ ಬಟ್ಟೆ ಕೊಟ್ಟು, ಮೇಲೆ ಚೌಕಳಿ ಸೀರೆ ತುಂಡು, ಕುಪ್ಪಸದ ಕೈ, ಪಂಚೆ ಅಂಚು, ಅಜ್ಜನ ಪಟ್ಟಾಪಟ್ಟಿ ಚಡ್ಡಿಯ ಬಟ್ಟೆ ಎಲ್ಲ ಜೋಡಣೆಯಾಗುತ್ತಿದ್ದವು. ಪಕ್ಕದ ಮನೆಯ ಇಬ್ಬರು ಮೂವರು ಬಂದು ಸುತ್ತ ಕೂರುತ್ತಿದ್ದರು. ಒಬ್ಬೊಬ್ಬರು ಒಂದೊಂದು ಕಡೆಯಿಂದ ಹೊಲಿಗೆ ಹಾಕಿಕೊಂಡು ಬರುವುದು. ಇವತ್ತು ನಮ್ಮನೆ ಕೌದಿ, ನಾಳೆ ನಿಮ್ಮನೆ ಕೌದಿ. ಮುಯ್ಯಾಳು ಪದ್ಧತಿ ಅಂತ ನಾವು ಹೊಲದಲ್ಲಿ ಮಾಡುತ್ತಿದ್ದೆವಲ್ಲ, ಅದೇ. ಬೈಲಾ ಇಲ್ಲದ ಸಹಕಾರ ಸಂಘ ಅಂದರೂ ತಪ್ಪಿಲ್ಲ.

ವರ್ಷಕ್ಕೆ ಒಂದೆರಡು ಸಲ, ಹಬ್ಬದ ಮುಂಚೆ, ಕೌದಿಗಳನ್ನೆಲ್ಲ ಗಾಡಿಗೆ ಹೇರಿ ಕೆರೆಗೆ ಒಯ್ಯುತ್ತಿದ್ದರು. ಸವಳು ಮಣ್ಣು ಹಚ್ಚಿ, ತುಳಿದು, ಕಲ್ಲಿಗೆ ಬಡಿದು ಒಗೆಯುವುದು. ನೆಂದ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ, ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಹಿಂಡಬೇಕು. ಬಂಡೆ ಮೇಲೆ ಹರವಿದರೆ ಸಂಜೆಯವರೆಗೆ ಒಣಗುತ್ತಿತ್ತು. ಹೀಗೆ ಹತ್ತು ಹದಿನೈದು ವರ್ಷ ಬಿಸಿಲು, ಕೆರೆನೀರು, ಮೈ ಬೆವರು ಎಲ್ಲ ಕಂಡ ಮೇಲೆ ಕಡುಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಹಸಿರು ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ಕುಗ್ಗಿ ಹೊಲಿಗೆಯ ಸಾಲುಗಳ ನಡುವೆ ಸಣ್ಣ ಸಣ್ಣ ಸುಕ್ಕು ಏಳುತ್ತವೆ. ಮೇಲಿನ ತುಂಡು ಸವೆದರೆ ಅದರ ಮೇಲೆ ಇನ್ನೊಂದು. ಇವತ್ತು ಪೇಟೆಯವರು ಮೋಹಿಸುವ ಆ 'ಹಳೇ ಕಳೆ' ಅಂದರೆ ಇದೇ. ಅದನ್ನು ಯಾರೂ ಚೆಂದಕ್ಕೆ ಅಂತ ಮಾಡಿದ್ದಲ್ಲ, ಬಾಳಿಸಿದ್ದರಿಂದ ಬಂದದ್ದು.

ಮಿಲ್ಲಿನ ಬಟ್ಟೆ, ಯುದ್ಧದ ಕಾಲ, ಗೋಧಿ ಚೀಲ

ಕೌದಿಯ ಪದರಗಳನ್ನು ಬಿಚ್ಚಿ ನೋಡಿದರೆ ನಮ್ಮ ಊರಿನ ಬಟ್ಟೆಯ ಚರಿತ್ರೆಯೇ ಸಿಗುತ್ತದೆ. ನನ್ನ ಅಕ್ಕನ ಮನೆಯಲ್ಲಿ ಅಜ್ಜಿ ಹೊಲಿದ ಒಂದು ಕೌದಿ ಇನ್ನೂ ಉಳಿದಿದೆ. ಅದರ ತಳದ ಪದರ ಕೈಮಗ್ಗದ ಒರಟು ಬಟ್ಟೆ. ನಡುವೆ ಮಿಲ್ಲಿನ ಸೀರೆ. ಬೆಂಗಳೂರಿನಲ್ಲಿ 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಕಂಪನಿಯ ಕೈಸೇರಿದ ಗಿರಣಿ, ಆಮೇಲೆ ಬಂದ ಮಿನರ್ವ, ದಾವಣಗೆರೆ ಕಾಟನ್ ಮಿಲ್ಲು, ಇವುಗಳ ಬಟ್ಟೆ ಹಳ್ಳಿ ಸಂತೆಗೆ ಬಂದ ಮೇಲೆ ಕೌದಿಗೆ ಬಣ್ಣ ಹೆಚ್ಚಾಯಿತು. ನಮ್ಮ ಚಿಕ್ಕಪ್ಪ ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಆ ಕೌದಿಯ ಮೂಲೆಯಲ್ಲಿರುವ ಖಾಕಿ ತುಂಡು ಅವರದು. ಅವರು ಹೋಗಿ ನಲವತ್ತು ವರ್ಷವಾಯಿತು, ಖಾಕಿ ಇನ್ನೂ ಗಟ್ಟಿಯಾಗಿದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ಬರ ಬಂತು. ಗಿರಣಿಗಳ ಮಾಲು ಸೈನ್ಯಕ್ಕೆ ಹೋಗುತ್ತಿತ್ತು. 1943ರಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ಸರ್ಕಾರದ ನಿಯಂತ್ರಣ ಆಜ್ಞೆ ಬಂತು. ಒಂದು ಸೀರೆಗಾಗಿ ದಿನಗಟ್ಟಲೆ ಕಾದ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಆ ಕಾಲದ ಕೌದಿಯಲ್ಲಿ ತುಂಡುಗಳು ಅಂಗೈಯಷ್ಟೇ ಅಗಲ. ಉಟ್ಟು, ಹರಿದು, ಮಕ್ಕಳಿಗೆ ಲಂಗ ಮಾಡಿ, ಅದೂ ಹರಿದ ಮೇಲೆ ಉಳಿದದ್ದಷ್ಟೇ ಕೌದಿಗೆ ಬರುತ್ತಿತ್ತು.

ಅಕ್ಕನ ಕೌದಿಯ ಒಳಪದರದಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲೊಂದು ಬಿಳಿ ಚೀಲದ ಬಟ್ಟೆ, ಅದರ ಮೇಲೆ ಮಸುಕಾಗಿ ಎರಡು ಕೈ ಕುಲುಕುವ ಚಿತ್ರ. ನನ್ನ ವಯಸ್ಸಿನವರಿಗೆ ಥಟ್ಟನೆ ನೆನಪಾಗುತ್ತದೆ. ಅಮೆರಿಕದಿಂದ ನೆರವಿನ ಗೋಧಿ ಬಂದ ಚೀಲ ಅದು. 1960ರ ದಶಕದಲ್ಲಿ ಆ ಗೋಧಿ ರವೆಯ ಉಪ್ಪಿಟ್ಟು ಶಾಲೆಗಳಲ್ಲಿ ಸಿಗುತ್ತಿತ್ತು. ಖಾಲಿ ಚೀಲಕ್ಕೆ ಪೈಪೋಟಿ. ಅದರಲ್ಲಿ ಚಡ್ಡಿ ಹೊಲಿಸಿಕೊಂಡವರೂ ಉಂಟು, ಕೌದಿಗೆ ಸೇರಿಸಿದವರೂ ಉಂಟು.

ಅಮೆರಿಕದ ಹೆಂಗಸರ ಕೌದಿ

ಆ ಚೀಲ ಹೊರಟ ದೇಶದಲ್ಲೂ ಇದೇ ಕಥೆ ನಡೆದಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1930ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಮುಗ್ಗಟ್ಟು. ರೈತರ ಹೆಂಡಿರು ಹಿಟ್ಟಿನ ಚೀಲ, ಪಶು ಆಹಾರದ ಚೀಲ ಬಿಚ್ಚಿ ಮಕ್ಕಳಿಗೆ ಅಂಗಿ, ಹಾಸಿಗೆಗೆ ಕೌದಿ ಹೊಲಿಯುತ್ತಿದ್ದರು. ಇದನ್ನು ಕಂಡ ಕಂಪನಿಗಳು ಚೀಲಗಳ ಮೇಲೆ ಹೂವಿನ ಚಿತ್ರ ಅಚ್ಚು ಹಾಕಿಯೇ ಮಾರತೊಡಗಿದವು, ಹೆಂಗಸರು ಚೀಲದ ಚೆಂದ ನೋಡಿ ಹಿಟ್ಟು ಕೊಳ್ಳಲಿ ಎಂದು! ಇವತ್ತು ಪೇಟೆಯಲ್ಲಿ 'ಹಳೇ ಕಾಲದ ಕೌದಿ' ಎಂದು ಮಾರುವ ಎಷ್ಟೋ ವಿನ್ಯಾಸಗಳು ಆ ಚೀಲದ ಹೂವುಗಳ ನಕಲು.

ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ಎಂಬ ರಾಜ್ಯವಿದೆ. ಅಲ್ಲಿನ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಜನರು ಹಿಂದೆ ಹತ್ತಿ ತೋಟದಲ್ಲಿ ಗುಲಾಮರಾಗಿ ದುಡಿದವರ ವಂಶಸ್ಥರು. ಕೆಲಸದ ಪ್ಯಾಂಟು, ಹರಕು ಅಂಗಿಗಳಿಂದ ಅವರ ಹೆಂಗಸರು ಹೊಲಿದ ಕೌದಿಗಳದು ಬೇರೆಯೇ ರೀತಿ. ಗೆರೆ ನೇರ ಇರಬೇಕೆಂಬ ಹಟವಿಲ್ಲ, ಕೈಗೆ ಬಂದ ಬಟ್ಟೆ, ಮನಸ್ಸಿಗೆ ಬಂದ ಜೋಡಣೆ. 1960ರ ದಶಕದಲ್ಲಿ ಅಲ್ಲಿ ಮತದಾನದ ಹಕ್ಕಿಗಾಗಿ ಹೋರಾಟ ನಡೆಯಿತು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದವರು ಗೇಣಿ ಜಮೀನು, ಮನೆ ಕಳೆದುಕೊಂಡರು. ಆಗ, 1966ರಲ್ಲಿ, ಆ ಸೀಮೆಯ ಹೆಂಗಸರು ಕೂಡಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಹೆಸರಿನ ಸಹಕಾರ ಸಂಘ ಕಟ್ಟಿದರು. ಕೌದಿ ಹೊಲಿಯುವ ಸಹಕಾರ ಸಂಘ! ನ್ಯೂಯಾರ್ಕಿನಲ್ಲಿ ಹರಾಜಾಯಿತು, ದೊಡ್ಡ ಅಂಗಡಿಗಳಿಂದ ಆರ್ಡರ್ ಬಂತು. ಸಂಘವೇ ಜಮೀನು ಕೊಂಡು ಮನೆ ಕಳೆದುಕೊಂಡ ಕೆಲವು ಕುಟುಂಬಗಳಿಗೆ ನಿವೇಶನವನ್ನೂ ಕೊಟ್ಟಿತು.

ಆದರೆ ಅಂಗಡಿಯವರಿಗೆ ಎಲ್ಲ ಕೌದಿಯೂ ಒಂದೇ ಥರ ಬೇಕು. ಒಂದೇ ಅಳತೆ, ಒಂದೇ ಬಣ್ಣ, ಒಂದೇ ನಮೂನೆ. 1972ರ ಹೊತ್ತಿಗೆ ಸಂಘ ಒಂದು ದೊಡ್ಡ ಕಂಪನಿಗೆ ದಿಂಬಿನ ಗವಸು ಹೊಲಿದುಕೊಡುತ್ತಿತ್ತು. ಹೊಟ್ಟೆಪಾಡು ನಡೆಯಿತು, ನಿಜ. ಆದರೆ ಜಗತ್ತು ಬೆರಗಾದದ್ದು ಆ ದಿಂಬಿನ ಗವಸು ನೋಡಿ ಅಲ್ಲ. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಗೀಸ್ ಬೆಂಡ್ ಕೌದಿಗಳ ಪ್ರದರ್ಶನ ನಡೆದಾಗ ಗೋಡೆಗೆ ತೂಗುಹಾಕಿದ್ದು ಮನೆಮಂದಿಗಾಗಿ ಹೊಲಿದ, ಸವೆದ, ಸೊಟ್ಟ ಗೆರೆಯ ಕೌದಿಗಳನ್ನು. 2006ರಲ್ಲಿ ಅವುಗಳ ಚಿತ್ರವಿರುವ ಅಂಚೆ ಚೀಟಿಗಳೂ ಬಂದವು. ಇಷ್ಟೆಲ್ಲ ಹೆಸರು ಬಂದ ಮೇಲೆ ಹಣದ ಪಾಲಿನ ಬಗ್ಗೆ ತಕರಾರು ಎದ್ದು 2007ರಲ್ಲಿ ಕೆಲವು ಹೆಂಗಸರು ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು. ಹಳೇ ಸಹಕಾರ ಸಂಘ 2012ರಲ್ಲಿ ಬಾಗಿಲು ಹಾಕಿತು. ಹೊಲಿದ ಕೈ, ಮಾರಿದ ಕೈ, ಹೆಸರು ಪಡೆದ ಕೈ ಬೇರೆ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಡ.

ನಮ್ಮ ನಾಡಿನ ಸಿದ್ದಿಯರು

ಅಷ್ಟು ದೂರ ಯಾಕೆ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಅಂಚಿನಿಂದ ಶುರುಮಾಡಿ ಸುತ್ತಲೂ ಹೊಲಿಗೆ ಹಾಕುತ್ತಾ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡಲೇಬೇಕು. ಹೂವಿಲ್ಲದ ಕವಂದಿ ಬತ್ತಲೆ ಇದ್ದ ಹಾಗೆ ಅನ್ನುತ್ತಾರೆ. ಕ್ರೈಸ್ತ ಸಿದ್ದಿಯರು ಶಿಲುಬೆ ಹೊಲಿದರೆ ಮುಸ್ಲಿಂ ಸಿದ್ದಿಯರು ಅರ್ಧಚಂದ್ರ ಹೊಲಿಯುವುದುಂಟು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಇವರ ನಡುವೆ ಇದ್ದು ಅಭ್ಯಾಸ ಮಾಡಿದರು. ಅವರ ಒತ್ತಾಸೆಯಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಗುಂಪೂ ಹುಟ್ಟಿತು. 2011ರಲ್ಲಿ ಆ ಕವಂದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡವು.

ಸಹಕಾರ ಎಂಬ ಮಾತಿಗೂ ಕೌದಿ ಸೀಮೆಗೂ ಇನ್ನೊಂದು ನಂಟಿದೆ. 1905ರಲ್ಲಿ ನಮ್ಮ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ. ಮನೆಮನೆಯ ತುಂಡುಬಟ್ಟೆ ಕೂಡಿಸಿ ಒಂದು ಹೊದಿಕೆ ಮಾಡುವುದು, ಮನೆಮನೆಯ ಚಿಲ್ಲರೆ ಕೂಡಿಸಿ ಒಂದು ಬಂಡವಾಳ ಮಾಡುವುದು, ಎರಡರ ಹಿಂದಿನ ಬುದ್ಧಿಯೂ ಒಂದೇ ಅಂತ ನನಗೆ ಕಾಣುತ್ತದೆ.

ನಮ್ಮಲ್ಲಿ ಕೌದಿ ಹೋದದ್ದು ಹೇಗೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. 1972ರಲ್ಲಿ ನಾನು ಪಿಯುಸಿ ಓದಲು ತುಮಕೂರಿಗೆ ಹೋದಾಗ ಅವ್ವ ಟ್ರಂಕಿನ ಮೇಲೆ ಅಜ್ಜಿ ಹೊಲಿದ ಕೌದಿ ಕಟ್ಟಿಕೊಟ್ಟಳು. ಹಾಸ್ಟೆಲಿನಲ್ಲಿ ಬಿಚ್ಚಿದ ಕೂಡಲೇ ಹುಡುಗರು, "ಏನೋ ಹುಳಿಯಾರು, ಊರಿನವರ ಬಟ್ಟೆಯೆಲ್ಲ ಹೊದ್ಕೊಂಡು ಬಂದಿದೀಯ?" ಅಂತ ನಕ್ಕರು. ಮೂರು ತಿಂಗಳು ಅದನ್ನು ಮಂಚದ ಕೆಳಗೆ ಅವಿಸಿಟ್ಟು ಚಳಿಯಲ್ಲೇ ಮಲಗಿದೆ. ದಸರಾ ರಜೆಗೆ ಊರಿಗೆ ತಂದು ಬಿಸಾಕಿ, ಸೋಲಾಪುರ ಚಾದರ ಬೇಕು ಅಂತ ಹಟ ಹಿಡಿದೆ. ಅವ್ವ ಕೊಬ್ಬರಿ ಮಾರಿದ ದುಡ್ಡಲ್ಲಿ ತೆಗೆಸಿಕೊಟ್ಟಳು. ಅಜ್ಜಿ ಏನೂ ಅನ್ನಲಿಲ್ಲ. "ಚುಚ್ಚುತ್ತೇನೋ ಮಗ ಅದು?" ಅಂತ ಒಂದೇ ಮಾತು ಕೇಳಿದಳು. ಅವಳು ತೀರಿಕೊಂಡ ಮೇಲೆ, ಹಳೇ ಬಟ್ಟೆಗೆ ಪಾತ್ರೆ ಕೊಡುವವನು ಬಂದಾಗ ನಾಲ್ಕು ಸೀರೆಯ ಜೊತೆ ಆ ಕೌದಿಯೂ ಹೋಯಿತು. ಬದಲಿಗೆ ಬಂದ ಸ್ಟೀಲ್ ಡಬರಿ ಇನ್ನೂ ನಮ್ಮ ಮನೆಯಲ್ಲಿದೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಬೀದಿಯಲ್ಲಿ ಪಾತ್ರೆ ಬುಟ್ಟಿ ಹೊತ್ತು ಬಂದವರಿಗೆ ಹಳೇ ಬಟ್ಟೆ ಹಾಕಿ ಸ್ಟೀಲ್ ಸಾಮಾನು ಕೊಳ್ಳುವುದು 1970-80ರ ದಶಕಗಳಲ್ಲಿ ಎಲ್ಲ ಮನೆಯಲ್ಲೂ ನಡೆಯಿತು. ಕೌದಿಗೆ ಬೇಕಾದ ಕಚ್ಚಾಮಾಲೇ ಬೀದಿ ಪಾಲಾಯಿತು. ಎರಡನೆಯದಾಗಿ, ಟೆರಿಲಿನ್, ನೈಲಾನ್, ಪಾಲಿಯೆಸ್ಟರ್ ಸೀರೆ ಬಂದವು. ಅವು ಬೆವರು ಹೀರುವುದಿಲ್ಲ, ಪದರ ಜಾರುತ್ತದೆ, ಸೂಜಿ ಸಲೀಸಾಗಿ ಹೋಗುವುದಿಲ್ಲ. ಮೂರನೆಯದು ಅಗ್ಗದ ಚಾದರ, ರಗ್ಗು. ನಮ್ಮ ತೆಂಗಿನ ನಾರೇ ರಬ್ಬರ್ ಹಾಲಿನ ಜೊತೆ ಸೇರಿ ಹಾಸಿಗೆಯಾಗಿ ನಮಗೇ ವಾಪಸು ಬಂತು! ನಾಲ್ಕನೆಯದು ಮತ್ತು ಮುಖ್ಯವಾದದ್ದು ನಾಚಿಕೆ. ತೇಪೆ ಅಂದರೆ ಬಡತನ ಎಂದು ನಾವು ನಂಬಿದೆವು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ಗಾದೆ ಹೇಳುವ ನಾವು, ತುಂಡು ತುಂಡು ಸೇರಿಸಿ ಹಾಸಿಗೆಯನ್ನೇ ಉದ್ದ ಮಾಡಿದವರನ್ನು ಮರೆತೆವು.

ಮತ್ತೆ ಹೊಲಿಯುವುದಾದರೆ

ಈಗ ಕಾಲ ತಿರುಗಿದೆ. ಕೌದಿಗೆ ಗಿರಾಕಿ ಬಂದಿದ್ದಾರೆ. ಹಳೇ ಕಳೆ ಬರಿಸಲು ಮೋಸದ ದಾರಿಯೇ ಬೇಕಿಲ್ಲ. ನಮ್ಮ ಗುಂಪಿನ ಹೆಣ್ಣುಮಕ್ಕಳು ಅಕ್ಕನ ಕೌದಿಯನ್ನು ಮುಂದಿಟ್ಟುಕೊಂಡು ಮಾಡಿ ನೋಡಿದ ಪ್ರಯೋಗಗಳಿಂದ ಕೆಲವನ್ನು ಇಲ್ಲಿ ಬರೆಯುತ್ತೇನೆ.

ಬಟ್ಟೆ ಪೂರ್ತಿ ಹತ್ತಿಯದೇ ಇರಬೇಕು. ಮನೆಮನೆಯಿಂದ ಉಟ್ಟು ಬಿಟ್ಟ ಹತ್ತಿ ಸೀರೆ, ಪಂಚೆ ಕೊಂಡು ತರುವುದು ಒಳ್ಳೆಯದು, ಅವು ಆಗಲೇ ಬಣ್ಣ ಬಿಟ್ಟು ಮೆತ್ತಗಾಗಿರುತ್ತವೆ. ಹೊಸ ಬಟ್ಟೆ ಸೇರಿಸುವುದಾದರೆ ಒಂದು ಗುಟ್ಟಿದೆ. ಬಣ್ಣ ಬಿಡುವ ಬಟ್ಟೆಯನ್ನು ಮಾತ್ರ ಮೊದಲೇ ಬೇರೆಯಾಗಿ ನೆನೆಸಿ ತೊಳೆಯಬೇಕು. ಉಳಿದದ್ದನ್ನು ತೊಳೆಯದೆ ಹತ್ತಿ ದಾರದಲ್ಲೇ ಹೊಲಿದು, ಕೌದಿ ಮುಗಿದ ಮೇಲೆ ಇಡಿಯಾಗಿ ತೊಳೆಯಬೇಕು. ಬಟ್ಟೆ ಆಗ ಕುಗ್ಗುತ್ತದೆ, ಹೊಲಿಗೆ ಹಿಡಿದಿಟ್ಟಿರುತ್ತದೆ, ನಡುವೆ ತಾನಾಗಿಯೇ ಆ ಹಳೇ ಸುಕ್ಕು ಏಳುತ್ತದೆ. ನೈಲಾನ್ ದಾರ ಬೇಡ, ಅದು ಕಾಲಕ್ರಮೇಣ ಬಟ್ಟೆಯನ್ನೇ ಕೊಯ್ಯುತ್ತದೆ.

ಬಣ್ಣಕ್ಕೆ ನಮ್ಮ ತೋಟವೇ ಸಾಕು. ಅಡಿಕೆ ಬೇಯಿಸಿದ ಚೊಗರು ಕೆಂಗಂದು ಬಣ್ಣ ಕೊಡುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘ ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ ಹೆಸರು ಮಾಡಿದೆ. ಎಳನೀರು ಕಾಯಿಯ ಮಟ್ಟೆಯನ್ನು ಜಜ್ಜಿ ಬೇಯಿಸಿದರೆ ತಿಳಿಗಂದು. ಬೆಲ್ಲದ ನೀರಿನಲ್ಲಿ ತುಕ್ಕು ಹಿಡಿದ ಕಬ್ಬಿಣ ಕೊಳೆಸಿ, ಅಳಲೆಕಾಯಿ ನೀರಲ್ಲಿ ಅದ್ದಿದ ಬಟ್ಟೆಗೆ ಹಾಕಿದರೆ ಕಪ್ಪು. ಬಣ್ಣ ನಿಲ್ಲಲು ಪಟಿಕ. ಉಳಿದ ಕೆಲಸ ಬಿಸಿಲಿನದು. ಬ್ಲೀಚಿಂಗ್ ಪುಡಿ ಹಾಕಿದರೆ ಒಂದು ದಿನದಲ್ಲಿ ಬಣ್ಣ ಇಳಿಯುತ್ತದೆ, ಎಳೆಯೂ ಸಾಯುತ್ತದೆ. ಕೊಬ್ಬರಿ ಕಂಡ ನಮಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದರೆ ಗಿಟುಕು ಕೊಬ್ಬರಿ, ಅವಸರಪಟ್ಟು ಒಡೆದರೆ ಕೌಟು ವಾಸನೆ.

ಇನ್ನು ಬೆಲೆಯ ವಿಚಾರ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಗೆ ಅರ್ಧ ಅಂಗುಲಕ್ಕೊಂದು ಸಾಲು ಹಾಕಿದರೆ 96 ಸಾಲು. ಒಟ್ಟು ಹೊಲಿಗೆಯ ಉದ್ದ 576 ಅಡಿ. ಅಂಗುಲಕ್ಕೆ ನಾಲ್ಕು ಹೊಲಿಗೆ ಅಂದರೆ 27,648 ಹೊಲಿಗೆ. ನಿಮಿಷಕ್ಕೆ 15 ಹೊಲಿಗೆ ಹಾಕುವ ಚುರುಕು ಕೈಗೂ 30 ಗಂಟೆಗೆ ಮೇಲಾಗುತ್ತದೆ, ಅಂದರೆ ಹತ್ತಿರ ಹತ್ತಿರ ನಾಲ್ಕು ದಿನದ ದುಡಿಮೆ. ತುಂಡು ಕತ್ತರಿಸಿ ಜೋಡಿಸಲು ಇನ್ನೆರಡು ದಿನ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಆ ಲೆಕ್ಕದಲ್ಲೇ ಆರು ದಿನಕ್ಕೆ ಕೂಲಿಯೇ 2,094 ರೂಪಾಯಿ. ಬಟ್ಟೆ, ದಾರ, ಬಣ್ಣ, ಸಾಗಣೆ ಬೇರೆ. ಕೌದಿಯನ್ನು ಆರುನೂರು ಏಳುನೂರಕ್ಕೆ ಕೇಳುವವರಿಗೆ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು. ನಮ್ಮ ಅಜ್ಜಿಯರ ಹೊಲಿಗೆಯನ್ನು ಯಾರೂ ಎಣಿಸಲಿಲ್ಲ. ಸಂಘ ಇರುವುದೇ ಎಣಿಸುವುದಕ್ಕೆ.

ನನ್ನ ಸೂಚನೆ

ಆದ್ದರಿಂದ ಬರುವ ಸರ್ವ ಸದಸ್ಯರ ಸಭೆಯ ಮುಂದೆ ನಾಲ್ಕು ಮಾತು ಇಡುತ್ತಿದ್ದೇನೆ. ಒಂದು, ಆರ್ಡರ್ ಒಪ್ಪಿಕೊಳ್ಳೋಣ, ಆದರೆ ಪ್ರತಿ ಕೌದಿಗೂ ಅದು ಹೊಲಿದ ವರ್ಷ, ಊರಿನ ಹೆಸರು ಇರುವ ಬಟ್ಟೆ ಚೀಟಿ ಹಚ್ಚೋಣ. ಹೊಸದನ್ನು ಹೊಸದು ಎಂದೇ ಮಾರೋಣ. ಹೊಲಿದವರ ಹೆಸರನ್ನೂ ಅವರು ಒಪ್ಪಿದರೆ ಅದರಲ್ಲಿ ಹಾಕೋಣ. ಎರಡು, ಕೂಲಿ ಲೆಕ್ಕ ಹಿಡಿದೇ ಬೆಲೆ ಕಟ್ಟೋಣ, ಒಪ್ಪಂದ ಕಾಗದದ ಮೇಲಿರಲಿ. ಮೂರು, ಒಂದೇ ನಮೂನೆ ಬೇಕು ಎಂದವರಿಗೆ ಅಳತೆ ಮಾತ್ರ ಒಂದೇ ಕೊಡೋಣ, ಜೋಡಣೆ ಹೊಲಿಯುವವರ ಇಷ್ಟಕ್ಕೆ ಬಿಡೋಣ. ನಾಲ್ಕು, ಊರಿನಲ್ಲಿ ಉಳಿದಿರುವ ಹಳೇ ಕೌದಿಗಳನ್ನು ಮಾರದೆ, ಫೋಟೋ ತೆಗೆದು, ಯಾರು ಹೊಲಿದದ್ದು, ಯಾವ ತುಂಡು ಯಾರದು ಎಂದು ಕೇಳಿ ಬರೆದು ಸಂಘದ ಕಚೇರಿಯಲ್ಲಿಡೋಣ. ಹೇಳುವ ಮುದುಕಿಯರು ಇನ್ನು ಬಹಳ ಜನ ಉಳಿದಿಲ್ಲ.

ಅಂಗಡಿಯವರು ಅಕ್ಕನ ಕೌದಿಗೂ ಒಳ್ಳೇ ಬೆಲೆ ಹೇಳಿದ್ದರು. ಅಕ್ಕ, "ಇದರಲ್ಲಿ ನಮ್ಮ ಚಿಕ್ಕಪ್ಪ ಇದ್ದಾನೆ ಕಣಪ್ಪ, ಹೆಂಗ್ ಕೊಡ್ಲಿ?" ಅಂದು ಮಡಿಸಿ ಒಳಗಿಟ್ಟಳು. ನನಗೆ ಆ ಬುದ್ಧಿ 1972ರಲ್ಲಿ ಬರಲಿಲ್ಲ. ಈಗಿನ ಮಕ್ಕಳಿಗೆ ಬರಲಿ.

ಬೆಳ್ಳಿ ಹಬ್ಬ ಆಚರಿಸಿಕೊಳ್ಳುತ್ತಿರುವ ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ, ಆ ಹೊತ್ತಿಗೆ ಹುಳಿಯಾರಿನ ಕೌದಿ ಎಂಬ ಹೆಸರು ನಾಲ್ಕು ಊರಿಗೆ ತಿಳಿದಿರಲಿ ಎಂದು ಹಾರೈಸುತ್ತೇನೆ.